ಸುಧಾಮಣಿಯ ಜೋಡಿ ಸೀನು

ತೆರಕಣಾಂಬಿಯ ಸುಧಾಮಣಿಯನ್ನು ಮೊದಲ ಸಲ ನೋಡಿದಾಗ ಇದನ್ನು ಬರೆಯುತ್ತಿರುವವನು ಅವಳನ್ನು ಮಹಾ ಜಂಬದ ಹೆಂಗಸು ಎಂದುಕೊಂಡಿದ್ದ. ಗುಂಡ್ಲುಪೇಟೆಯಲ್ಲಿ ಒಂದು ಮದುವೆ. ಮುಹೂರ್ತದ ಹೊತ್ತು. ಎಲ್ಲರೂ ಅಕ್ಷತೆ ಹಿಡಿದು ಕತ್ತು ಉದ್ದ ಮಾಡಿಕೊಂಡು ನಿಂತಿದ್ದರೆ, ಪಕ್ಕದ ಸಾಲಿನಲ್ಲಿ ಈಕೆಯೊಬ್ಬಳು ಎಡಗೈಯ ತೋರುಬೆರಳನ್ನು ಮೂಗಿನ ಕೆಳಗೆ ಅಡ್ಡ ಇಟ್ಟುಕೊಂಡಿದ್ದಳು. ಆ ಕೈಯ ಹೆಬ್ಬೆರಳ ಬುಡವನ್ನು ಬಲಗೈ ಬಿಗಿಯಾಗಿ ಹಿಡಿದಿತ್ತು. ಸುತ್ತ ನಿಂತವರೆಲ್ಲ ಕೊಳೆತ ಈರುಳ್ಳಿ ಮೂಟೆಗಳೇನೋ ಎಂಬಂತೆ ಕಣ್ಣು ಕಿರಿದಾಗಿತ್ತು. ಬರೆಯುವವನು ಅವತ್ತು ಹೊಸ ಸೆಂಟು ಹಾಕಿಕೊಂಡು ಬಂದಿದ್ದ. ಆಗೀಗ ಪತ್ರಿಕೆಯಲ್ಲಿ ಹೆಸರು ಬರುವ ಮನುಷ್ಯನ ಪಕ್ಕ ನಿಂತು ಮೂಗು ಮುಚ್ಚಿಕೊಳ್ಳುವುದೆಂದರೆ ಏನರ್ಥ ಎಂದು ಮುಹೂರ್ತ ಮುಗಿಯುವವರೆಗೂ ಒಳಗೇ ಕುದಿದ.

ಊಟದ ಪಂಕ್ತಿಯಲ್ಲಿ ಆ ಕುದಿಯನ್ನು ಇಳಿಸಿದವರು ಯಶೋದಮ್ಮ, ಸುಧಾಮಣಿಯ ಎದುರುಮನೆಯವರು.

"ಜಂಬ ಅಲ್ಲ ಕಣಪ್ಪ, ಸೀನು. ಈ ಹೂವಿನ ಗಾಳಿ ಅವಳ ಮೂಗ್ಗೆ ಆಗಕಿಲ್ಲ. ತಾಳಿ ಕಟ್ಟಾಗಂಟ ಸೀನ ಒತ್ತಿ ಹಿಡ್ಕಂಡು ನಿಂತಿದ್ಲು, ನಿಮ್ ಮುಹೂರ್ತ ಕೆಡಬಾರ್ದು ಅಂತ. ನೀ ನೋಡುದ್ರೆ ನಿನ್ನೇ ನೋಡಿ ಮೂಗ್ ಮುಚ್ಕಂಡ್ಲು ಅಂತೀಯೆ. ನಿನ್ ಯಾರಪ್ಪ ನೋಡಿದ್ರು ಅಲ್ಲಿ?"

ಅಲ್ಲಿಗೆ ಬರೆಯುವವನ ಪಾತ್ರ ಮುಗಿಯಿತು. ಇನ್ನು ಮುಂದಿನದು ಸುಧಾಮಣಿಯ ಕತೆ.

ಸುಧಾಮಣಿ ಹುಟ್ಟಿದ್ದು ಉಡಿಗಾಲದಲ್ಲಿ. ಮಳೆ ಬಿದ್ದು ರಸ್ತೆ ಬದಿಯಲ್ಲಿ ಕಾಂಗ್ರೆಸ್ ಗಿಡ ಬೆಳ್ಳಗೆ ಹೂ ಬಿಟ್ಟಿತೆಂದರೆ ಚಿಕ್ಕಂದಿನಿಂದಲೂ ಅವಳಿಗೆ ಸೀನು. ಕಣ್ಣು ಕೆಂಪು, ಮೂಗು ತೊಟ್ಟಿಕ್ಕುವುದು, ಅಂಗುಳಿನ ಮೇಲೆ ಇರುವೆ ಹರಿದಂಥ ನವೆ. ಮದುವೆಯಾಗಿ ತೆರಕಣಾಂಬಿಗೆ ಬಂದರೆ ಅಲ್ಲಿ ಹೊಲಹೊಲಕ್ಕೂ ಚೆಂಡು ಹೂವು. ತವರಿನ ಶತ್ರುವಿಗೆ ಗಂಡನ ಮನೆಯಲ್ಲಿ ಒಬ್ಬ ಜೊತೆಗಾರ ಸಿಕ್ಕ ಹಾಗಾಯಿತು.

ಬೇರೆ ಸೀಮೆಯಲ್ಲಾಗಿದ್ದರೆ ಇದು ಬರೀ ಮೂಗಿನ ತೊಂದರೆ. ಈ ಕಡೆ ಹಾಗಲ್ಲ. ಯಾರಾದರೂ ಹೊರಟು ನಿಂತಾಗ ಒಂಟಿ ಸೀನು ಬಿತ್ತೋ, ಹೊರಟವರು ಚಪ್ಪಲಿ ಬಿಟ್ಟು ಒಳಗೆ ಬರಬೇಕು. ಒಂದು ಗಳಿಗೆ ಕೂತು ನೀರು ಕುಡಿದು ಆಮೇಲೆ ಹೊರಡಬೇಕು. ಅದರ ಬೆನ್ನಿಗೇ ಇನ್ನೊಂದು ಸೀನು ಬಂದು ಜೋಡಿಯಾಯಿತೋ, ಅಡ್ಡಿಯಿಲ್ಲ. ಹೂವಿನ ಕಾಲದಲ್ಲಿ ಸುಧಾಮಣಿಗೆ ಸೀನು ಒಂದೂ ಅಲ್ಲ ಎರಡೂ ಅಲ್ಲ, ಸರಮಾಲೆ. ಆಗ ಅದು ಒಂಟಿಗೆ ನಿಂತಿತೋ ಜೋಡಿಗೆ ನಿಂತಿತೋ ಎಂದು ತೀರ್ಪು ಹೇಳಬೇಕಾದವನು ಅವಳ ಗಂಡನ ಚಿಕ್ಕಪ್ಪ ನಾಗಯ್ಯ. ಒಂದು ಕಾಲದಲ್ಲಿ ಹಾಲಿನ ಸೊಸೈಟಿಯ ಡೈರೆಕ್ಟರ್ ಆಗಿದ್ದವನು. ಆ ಪದವಿ ಹೋಗಿ ಎಷ್ಟೋ ವರ್ಷವಾದರೂ ಜೇಬಿನಿಂದ ಪೆನ್ನು ಇಳಿದಿರಲಿಲ್ಲ. ಜಗಲಿಯ ಮೇಲೆ ಕೂತು ಬೆರಳು ಮಡಿಸುತ್ತ ಎಣಿಸುವನು. ಎಣಿಕೆ ತಪ್ಪಿದಾಗ, "ಇನ್ನೊಂದ್ಸಲ ಮೊದ್ಲಿಂದ ಸೀನವ್ವ" ಎಂದದ್ದೂ ಉಂಟು.

ಗಂಡ ಕುಮಾರಸ್ವಾಮಿಗೆ ಗೂಡ್ಸ್ ಆಟೋ ಇತ್ತು. ಸುತ್ತಲಿನ ಹೊಲಗಳ ಹೂವು, ತರಕಾರಿ ತುಂಬಿಕೊಂಡು ಗುಂಡ್ಲುಪೇಟೆಗೆ ಹೋಗುವುದು ಅವನ ಕೆಲಸ. ಅವನಿಗೆ ಈ ಸೀನಿನ ಶಾಸ್ತ್ರದಲ್ಲಿ ನಂಬಿಕೆ ಇತ್ತೋ ಇಲ್ಲವೋ, ಅಂತೂ ಅದನ್ನೊಂದು ಆಟ ಮಾಡಿಕೊಂಡಿದ್ದ. ಬೆಳಿಗ್ಗೆ ಆಟೋ ಸ್ಟಾರ್ಟ್ ಮಾಡುವನು. ಬಾಗಿಲಿಗೆ ಬಂದ ಹೆಂಡತಿ ಸೀನುವಳು. ಇವನು ಇಂಜಿನ್ ಆರಿಸಿ ಸ್ಟೇರಿಂಗಿನ ಮೇಲೆ ಕೈ ಕಟ್ಟಿ ಕೂರುವನು.

"ಇನ್ನೊಂದ್ ಬುಡಮ್ಮಿ, ಜೋಡಿ ಆಗ್ಲಿ."

"ಬತ್ತಾ ಇಲ್ಲ ಕಣ್ರೀ."

"ಬತ್ತದೆ ಬುಡು. ನಿನ್ ಮೂಗು ನಂಗೊತ್ತಿಲ್ವಾ?"

ಬರುತ್ತಿತ್ತು. ಅವನು ಹಾರನ್ ಬಾರಿಸಿ ಹೊರಡುವನು. ಮದುವೆಯಾದ ಹೊಸತರಲ್ಲಿ ಗಂಡಹೆಂಡಿರು ಆಡಿಕೊಳ್ಳುವ ಮಾತುಗಳೆಲ್ಲ ಅವರ ಮನೆಯಲ್ಲೂ ಕಾಲಕ್ರಮೇಣ ತೀರಿಹೋಗಿದ್ದವು. ಈ ಮಾತು ಮಾತ್ರ ಉಳಿದಿತ್ತು. ಮಗಳು ಅನು ಎತ್ತರವಾಗಿ ಬೆಳೆದು ಕಾಲೇಜು ಸೇರುವ ಹೊತ್ತಿಗೂ ಅಪ್ಪ ಅಂಗಳದಲ್ಲಿ ಇಂಜಿನ್ ಆರಿಸಿಕೊಂಡು ಅವ್ವನ ಎರಡನೇ ಸೀನಿಗೆ ಕಾಯುತ್ತಲೇ ಇದ್ದ.

ಚಾಮರಾಜನಗರದ ಆಸ್ಪತ್ರೆಯಲ್ಲಿ ತೋರಿಸಿದ್ದರು. ಡಾಕ್ಟರಮ್ಮ ಅಲರ್ಜಿ ಎಂದು ಹೇಳಿ ಮೂಗಿಗೆ ಸ್ಪ್ರೇ ಕೊಟ್ಟರು, ಮಾತ್ರೆ ಬರೆದರು. ಸ್ಪ್ರೇಯಿಂದ ಬಹಳ ಮಟ್ಟಿಗೆ ಹತೋಟಿಗೆ ಬಂತು. ಮಾತ್ರೆ ನುಂಗಿದರೆ ಸುಧಾಮಣಿ ಕೂತಲ್ಲೇ ತೂಕಡಿಸುವಳು. ಒಮ್ಮೆ ಹಾಗೆ ತೂಕಡಿಸಿ ಒಲೆಯ ಮೇಲಿನ ಹಾಲನ್ನೆಲ್ಲ ಉಕ್ಕಿಸಿದ ಮೇಲೆ ಮಾತ್ರೆಯ ಚೀಟಿ ದೇವರ ಗೂಡು ಸೇರಿತು. ಆ ದಿನಗಳಲ್ಲೇ ಕುಮಾರಸ್ವಾಮಿ ಬಸ್‌ಸ್ಟ್ಯಾಂಡಿನಲ್ಲಿ ಒಂದು ಫ್ಲೆಕ್ಸ್ ನೋಡಿಕೊಂಡು ಬಂದ. 'ಸೀನು, ನೆಗಡಿ, ಅಲರ್ಜಿ: ಪರಿಹಾರ ನಿಮ್ಮ ಬೆರಳ ತುದಿಯಲ್ಲೇ!' ಚಾಮರಾಜನಗರದ ಕಲ್ಯಾಣ ಮಂಟಪದಲ್ಲಿ ಆಕ್ಯುಪ್ರೆಶರ್ ಶಿಬಿರ. ನಡೆಸುವವರು ರವಿಕುಮಾರ. ಹೆಸರಿನ ಹಿಂದೆ 'ಡಾ.' ಎಂದಿತ್ತು. ಅದನ್ನು ಕೊಟ್ಟವರು ಯಾರು ಎನ್ನುವುದು ಫ್ಲೆಕ್ಸಿನಲ್ಲಿ ಇರಲಿಲ್ಲ.

ಉದ್ಘಾಟನೆಯ ದಿನ ರವಿಕುಮಾರರಿಗೆ ಮೊಳಕಾಲು ಮುಟ್ಟುವಂಥ ಚೆಂಡು ಹೂವಿನ ಹಾರ ಹಾಕಿದರು. ಅಲರ್ಜಿಯನ್ನು ಬೇರುಸಮೇತ ಕಿತ್ತುಹಾಕುವ ಬಗೆಯನ್ನು ವಿವರಿಸುತ್ತಿದ್ದವರು ನಡುವೆಯೇ ಮೈಕಿಗೆ ಬಾಯಿಟ್ಟು ಮಂಟಪ ಅದುರುವಂತೆ ಸೀನಿದರು. "ಮೈಕಿನ ಧೂಳು" ಎಂದರು. ಕುಮಾರಸ್ವಾಮಿ ಹೆಂಡತಿಯ ಕಿವಿಯಲ್ಲಿ, "ಒಂಟಿ ಕಣಮ್ಮಿ, ಎದ್ದೋಗನ ನಡಿ" ಅಂದ. ಇಬ್ಬರೂ ಸೆರಗಿಗೆ ಟವಲ್ಲಿಗೆ ಬಾಯಿ ಒತ್ತಿಕೊಂಡು ನಕ್ಕರು.

ಆದರೂ ಕಲಿಸಿದ್ದನ್ನು ಸುಧಾಮಣಿ ಶ್ರದ್ಧೆಯಿಂದ ಕಲಿತಳು. ಹೆಬ್ಬೆರಳಿಗೂ ತೋರುಬೆರಳಿಗೂ ನಡುವಿನ ಮಾಂಸಲ ಜಾಗ, ಮೂಗಿನ ಹೊಳ್ಳೆಗಳ ಎರಡೂ ಪಕ್ಕ, ಹುಬ್ಬುಗಳ ನಡುವೆ, ಮೂಗಿಗೂ ಮೇಲ್ದುಟಿಗೂ ನಡುವಿನ ಹಳ್ಳ. ಒತ್ತಬೇಕು, ನಿಧಾನವಾಗಿ ಉಸಿರು ಬಿಡಬೇಕು, ಮತ್ತೆ ಒತ್ತಬೇಕು. ಕಟ್ಟಿದ ಮೂಗು ತುಸು ಸಡಿಲವಾಗುತ್ತಿತ್ತು, ನವೆ ಸ್ವಲ್ಪ ಹೊತ್ತು ಹಿಂದೆ ಸರಿಯುತ್ತಿತ್ತು. ಬೇರುಗೀರು ಏನೂ ಕೀಳಲಿಲ್ಲ. ಮುಂದಿನ ಸಲ ಆಸ್ಪತ್ರೆಗೆ ಹೋದಾಗ ಡಾಕ್ಟರಮ್ಮನನ್ನು ಕೇಳಿದಳು. "ಆರಾಮ ಅನ್ನಿಸಿದರೆ ಒತ್ತಿಕೊಳ್ಳಮ್ಮ, ಸ್ಪ್ರೇ ಮಾತ್ರ ಬಿಡಬೇಡ" ಎಂದರು.

ಓಣಂ ಹತ್ತಿರ ಬಂದು ಚೆಂಡು ಹೂವಿಗೆ ಕೇರಳದವರು ಮುಗಿಬಿದ್ದಿದ್ದ ದಿನಗಳು. ಕುಮಾರಸ್ವಾಮಿ ಸಾಮಾನ್ಯವಾಗಿ ಹೂವಿನ ಮೂಟೆಗಳನ್ನು ಮನೆಯ ಹತ್ತಿರ ತರುತ್ತಿರಲಿಲ್ಲ. ಹೊಲದಲ್ಲೇ ತುಂಬಿ ಅಲ್ಲಿಂದಲೇ ಹೋಗುವನು. ಅವತ್ತು ಹಿಂದಿನ ಸಂಜೆಯೇ ಲೋಡಾಗಿ ಆಟೋ ಅಂಗಳದಲ್ಲಿ ನಿಂತಿತ್ತು. ಬೆಳಿಗ್ಗೆ ಅವನು ಇಂಜಿನ್ ಚಾಲೂ ಮಾಡಿದ. ಸುಧಾಮಣಿ ಬಾಗಿಲಿಗೆ ಬಂದಳು. ಸೀನಿದಳು.

ಅವನು ಇಂಜಿನ್ ಆರಿಸಿದ. "ಹೂಂ, ಜೋಡಿ ಬುಡು."

ಎರಡನೆಯದು ಮೂಗಿನ ತುದಿಯವರೆಗೆ ಬಂದಿತ್ತು. ಆ ಗಳಿಗೆಯಲ್ಲಿ ಅವಳಿಗೆ ತನ್ನ ಹೊಸ ವಿದ್ಯೆ ನೆನಪಾಯಿತು. ಗಂಡನಿಗೆ ತೋರಿಸಬೇಕೆನ್ನಿಸಿತು. ಬೆರಳನ್ನು ಮೂಗಿನ ಕೆಳಗಿಟ್ಟು ಒತ್ತಿದಳು, ಹೆಬ್ಬೆರಳ ಬುಡ ಹಿಸುಕಿದಳು, ಉಸಿರು ಬಿಟ್ಟಳು. ಬಂದ ಸೀನು ಬಂದ ದಾರಿಯಲ್ಲೇ ಇಳಿದುಹೋಯಿತು.

"ನೋಡ್ರೀ, ನಿಂತೋಯ್ತು!"

ಅಷ್ಟು ಹಿಗ್ಗಿನಿಂದ ಅವಳು ಯಾವುದನ್ನೂ ಹೇಳಿದ್ದು ಅವನಿಗೆ ನೆನಪಿರಲಾರದು. ಅವನೂ ನಕ್ಕ. "ಇದ್ಯೆಯೇನೋ ಚೆಂದಾಗದೆ. ಆದ್ರೆ ನನ್ನ ಒಂಟೀಲೆ ಕಳಿಸ್ಬುಟ್ಟಲ್ಲಮ್ಮಿ."

"ಅಂಗಾದ್ರೆ ಒಳಕ್ ಬಂದು ನೀರ್ ಕುಡ್ದು ಓಗಿ."

"ಮಲೆಯಾಳಿ ಕಾಯ್ತಾವ್ನೆ ಕಣಮ್ಮಿ, ಹೂ ಬಾಡೋಯ್ತವೆ. ಬಂದು ಕುಡಿತೀನಿ ಬುಡು."

ಗುಂಡ್ಲುಪೇಟೆ ಇನ್ನೇನು ಸಿಗಬೇಕು ಎನ್ನುವ ತಿರುವಿನಲ್ಲಿ ಎದುರಿನಿಂದ ಬಂದ ಲಾರಿ ತನ್ನ ಪಕ್ಕ ಬಿಟ್ಟು ಇವನ ಪಕ್ಕಕ್ಕೆ ಬಂದಿತ್ತು. ಕುಮಾರಸ್ವಾಮಿ ಅಲ್ಲೇ ಹೋದ.

ಮಧ್ಯಾಹ್ನ ಮನೆಗೆ ತಂದರು. ಅವರ ಪದ್ಧತಿಯಂತೆ ಕೂರಿಸಿ, ವಿಭೂತಿ ಹಚ್ಚಿ, ಬಂದವರೆಲ್ಲ ಹಾರ ಹಾಕಿದರು. ಆ ಕಾಲದಲ್ಲಿ ಊರಲ್ಲಿ ಇದ್ದ ಹೂವಾದರೂ ಯಾವುದು? ಚೆಂಡು ಹೂವು ಅವನ ಗಲ್ಲದವರೆಗೂ ಏರಿತು. ಸುಧಾಮಣಿ ಪಕ್ಕದಲ್ಲಿ ಕೂತು ಅಳಬೇಕೆಂದು ಬಾಯಿ ತೆರೆದರೆ ಸೀನು ಬರುತ್ತಿತ್ತು. ಕಣ್ಣಿಂದ ನೀರು ಧಾರೆಯಾಗಿ ಸುರಿಯುತ್ತಿತ್ತು. ಅದು ಗಂಡನಿಗಾಗಿಯೋ ಹೂವಿನಿಂದಲೋ ಎಂದು ದೂರದಿಂದ ಬಂದ ನೆಂಟರಿಗೆ ತಿಳಿಯಲಿಲ್ಲ. ಒಬ್ಬರು, "ಪಾಪ, ಶೀತ ಆಗದೆ ಅನ್ಸುತ್ತೆ" ಎಂದದ್ದು ಅವಳಿಗೇ ಕೇಳಿಸಿತು. ಸಮಾಧಿಗೆ ಎತ್ತುವ ಮುನ್ನ ನಾಗಯ್ಯ ಎಲ್ಲರಿಗೂ ಕೇಳುವಂತೆ ವಿಚಾರಣೆ ನಡೆಸಿದ.

"ಬೆಳಿಗ್ಗೆ ಹೊಂಟಾಗ ಯಾರಾದ್ರೂ ಸೀನಿದ್ರಾ?"

"ನಾನೇ ಸೀನ್ದೆ" ಎಂದಳು ಸುಧಾಮಣಿ.

"ಒಂಟಿಯೋ, ಜೋಡಿಯೋ?"

"ಒಂಟಿ."

ನಾಗಯ್ಯ ಪೆನ್ನಿನ ಜೇಬು ಮುಟ್ಟಿಕೊಂಡು ಪಕ್ಕಕ್ಕೆ ಸರಿದ. ಅವನು ಬೈದಿದ್ದರೆ ಅವಳಿಗೆ ಎದುರಾಡಲಾದರೂ ಒಂದು ಮಾತು ಸಿಗುತ್ತಿತ್ತು.

ಊರು ತಪ್ಪನ್ನು ಮೊದಲ ಸೀನಿನ ಮೇಲೆ ಹಾಕಿತು. ಪೊಲೀಸರು ಲಾರಿಯ ಮೇಲೆ ಹಾಕಿದರು. ಸುಧಾಮಣಿ ಎರಡನ್ನೂ ಒಪ್ಪಲಿಲ್ಲ. ಬಾರದೆ ಹೋದ ಎರಡನೇ ಸೀನಿನ ಮೇಲೆ ಹಾಕಿದಳು. ಅದು ಬಂದಿತ್ತು. ಬಾಗಿಲವರೆಗೆ ಬಂದದ್ದನ್ನು ತಾನೇ ಬೆರಳಿಟ್ಟು ವಾಪಸು ಕಳಿಸಿದ್ದಳು.

ಅಂದಿನಿಂದ ಯಾರು ಎಲ್ಲಿಗೆ ಹೊರಟರೂ ಅವಳು ಮುಂಬಾಗಿಲಲ್ಲಿ ನಿಲ್ಲುವುದನ್ನು ಬಿಟ್ಟಳು. ಪರರ ಮನೆಯ ಶುಭಕಾರ್ಯಗಳಿಗೆ ಹೋಗಲೇಬೇಕಾಗಿ ಬಂದರೆ, ಮೊದಲನೆಯ ಸೀನೇ ಬಾರದ ಹಾಗೆ ಬೆರಳು ಮೂಗಿನ ಕೆಳಗೆ ಮೊದಲೇ ಸಿದ್ಧವಾಗಿರುತ್ತಿತ್ತು. ಹಾಗೆ ನಿಂತವಳನ್ನು ನೋಡಿ ಜಂಬ ಎಂದುಕೊಂಡವರು ಆ ಮದುವೆಯ ಸೆಂಟಿನವನೊಬ್ಬನೇ ಅಲ್ಲ, ಬಹಳ ಮಂದಿ.

ಆ ವಿದ್ಯೆಯನ್ನೇ ಬಿಟ್ಟುಬಿಡುತ್ತಿದ್ದಳೇನೋ, ಅಕ್ಕಪಕ್ಕದವರು ಬಿಡಲಿಲ್ಲ. ಶಿಬಿರಕ್ಕೆ ಹೋಗಿ ಬಂದವಳೆಂದು ಮೂಗು ಕಟ್ಟಿದ ಮಕ್ಕಳನ್ನು ಕರೆತಂದರು. ಅರಿಶಿನ ಪಾಲಿಶ್ ಮಾಡುವ ಕಡೆ ಕೆಲಸಕ್ಕೆ ಹೋಗುವ ಹೆಂಗಸರು ಸಂಜೆ ಹಳದಿ ಮುಖ ಹೊತ್ತು ಬಂದು ಜಗಲಿಯ ಮೇಲೆ ಕೈ ಚಾಚಿದರು. ಸುಧಾಮಣಿ ಒತ್ತುವಳು. ಬಸುರಿಯರಿಗೆ ಮಾತ್ರ ಹೆಬ್ಬೆರಳ ಬುಡ ಮುಟ್ಟುತ್ತಿರಲಿಲ್ಲ, ಶಿಬಿರದಲ್ಲಿ ಬೇಡ ಎಂದಿದ್ದರು. "ವಾಸಿ ಆಯ್ತದಾ ಅಕ್ಕಾ?" ಎಂದು ಕೇಳಿದವರಿಗೆ, "ವಾಸಿ ಅಲ್ಲ, ಒಂದ್ ಗಳಿಗೆ ಸುಮ್ಕಿರ್ತದೆ. ಎದೆ ಹಿಡಿದಂಗಾದ್ರೆ ನನ್ತಾವ ಬರ್ಬ್ಯಾಡ್ರಿ, ಆಸ್ಪತ್ರೆಗೋಗಿ" ಎನ್ನುವಳು.

ಅನು ಓದು ಮುಗಿಸಿ ಗುಂಡ್ಲುಪೇಟೆಯ ಒಂದು ಲ್ಯಾಬಿನಲ್ಲಿ ಕೆಲಸಕ್ಕೆ ಸೇರಿದಳು. ದಿನಾ ಬೆಳಿಗ್ಗೆ ಮುಂಬಾಗಿಲಲ್ಲಿ ಚಪ್ಪಲಿ ಮೆಟ್ಟಿ, "ಅವ್ವೋ, ಓಗ್ಬತ್ತೀನಿ" ಎಂದು ಕೂಗುವಳು. ಉತ್ತರ ಹಿತ್ತಲಿನ ಕೊಟ್ಟಿಗೆಯ ಹಿಂದಿನಿಂದ ಬರುತ್ತಿತ್ತು: "ಊಂ." ಒಂದು ದಿನ ಅನು ರೇಗಿ, ಇವತ್ತು ಹಿತ್ತಲ ಬಾಗಿಲಿಂದಲೇ ಹೊರಡುತ್ತೇನೆಂದು ಮನೆ ಸುತ್ತಿ ಹಿಂದಕ್ಕೆ ಬಂದಳು. ಹೆಜ್ಜೆಯ ಸದ್ದು ಕೇಳಿ ಸುಧಾಮಣಿ ಒಳಗಿಂದ ಮುಂದಕ್ಕೆ ಓಡಿದಳು. ಮಗಳು ಮುಂದಕ್ಕೆ ಬಂದರೆ ತಾಯಿ ಹಿಂದಕ್ಕೆ. ಎದುರುಮನೆಯ ಯಶೋದಮ್ಮ ನಗಬೇಕೆಂದು ಬಾಯಿ ತೆರೆದವರು ಮುಚ್ಚಿಕೊಂಡರು. ಬಸ್ಸು ತಪ್ಪಿತು. ಅನು ಮೆಟ್ಟಿಲ ಮೇಲೆ ಕೂತು ಅತ್ತಳು.

"ಅಪ್ಪುಂಗೆ ಹೊಡೆದಿದ್ದು ಲಾರಿ ಕಣವ್ವ. ಲಾರಿ! ಸೀನಲ್ಲ."

"ಗೊತ್ತು ಕಣಮ್ಮಿ" ಎಂದಿತು ಕೊಟ್ಟಿಗೆಯ ಹಿಂದಿನ ದನಿ. "ಆದ್ರೂ ನೀ ಓಗು."

ಅನುಗೆ ಹರದನಹಳ್ಳಿಯ ಸೋಮೇಶನ ಜೊತೆ ಮದುವೆ ಗೊತ್ತಾಯಿತು. ಒಪ್ಪಿಗೆ ಹೇಳುವಾಗ ಅವಳು ಅವ್ವನಿಗೆ ಒಂದೇ ಒಂದು ಕರಾರು ಹಾಕಿದಳು. ಒಡವೆ ಬೇಡ, ದೊಡ್ಡ ಮಂಟಪ ಬೇಡ. ಗಂಡನ ಮನೆಗೆ ಹೊರಡುವಾಗ ನೀನು ಮುಂಬಾಗಿಲಿಗೆ ಬಂದು ಕಳಿಸಿಕೊಡಬೇಕು. ಮದುವೆಯ ಕೆಲಸಗಳ ನಡುವೆ ಸುಧಾಮಣಿ ಒಬ್ಬಳೇ ಇದ್ದಾಗ ಹೊಸಲಿನ ಹತ್ತಿರ ಬಂದು ನಿಂತು, ಉಸಿರೆಳೆದು ಬಿಟ್ಟು, ಒಳಗೆ ಹೋಗುತ್ತಿದ್ದುದನ್ನು ಯಶೋದಮ್ಮ ಕಂಡಿದ್ದರು.

ಧಾರೆ ಮುಗಿದು ಮಧ್ಯಾಹ್ನ ಹೆಣ್ಣನ್ನು ಕಳಿಸುವ ಹೊತ್ತಾಯಿತು. ಸುಧಾಮಣಿ ಬೆಳಿಗ್ಗೆಯೇ ಸ್ಪ್ರೇ ಹೊಡೆದುಕೊಂಡಿದ್ದಳು. ಮಗಳ ಮದುವೆಯಲ್ಲಿ ತೂಕಡಿಸಬಾರದೆಂದು ಮಾತ್ರೆ ನುಂಗಿರಲಿಲ್ಲ. ಅನು ಹೇಳಿದ್ದರಿಂದ ಸೋಮೇಶ ಕಾರಿಗೆ ಗುಲಾಬಿಯನ್ನಷ್ಟೇ ಹಾಕಿಸಿದ್ದ. ಅದು ತೀರ ಬಡವಾಗಿ ಕಾಣುತ್ತದೆಂದು ಅವನ ಗೆಳೆಯರು, ಯಾರನ್ನೂ ಕೇಳದೆ, ಚೆಂಡು ಹೂವಿನ ಮಾಲೆಗಳಿಂದ ಕಾರನ್ನು ಚಕ್ರದವರೆಗೂ ಮುಚ್ಚಿಬಿಟ್ಟಿದ್ದರು. ಕಾರು ಬಂದು ಅಂಗಳದಲ್ಲಿ ನಿಂತಾಗ ಅದರ ಗಾಳಿ ನಡುಮನೆಯವರೆಗೂ ಬಂತು.

ನಾಗಯ್ಯ ಅಡುಗೆಮನೆಗೆ ಬಂದ. "ನೋಡವ್ವ, ಗಂಡ ಇಲ್ದೋಳು ಮುಂದ್ ಬರ್ಬಾರ್ದು ಅನ್ನದ್ನೆಲ್ಲ ನಾನು ಒಪ್ಪಕಿಲ್ಲ. ನಾನು ಸೊಸೈಟಿ ಡೈರೆಕ್ಟರ್ ಆಗಿದ್ದೋನು, ನಾಕ್ ಜನ ಕಂಡೋನು. ನಂಗೆ ನಿನ್ ಮೇಲೆ ನಂಬ್ಕೆ ಅದೆ. ನಿನ್ ಮೂಗಿನ್ ಮೇಲೆ ಇಲ್ಲ. ಇಲ್ಲೇ ಇದ್ಬುಡು."

"ಆಯ್ತು ಕಣ್ ಮಾವ" ಎಂದಳು ಸುಧಾಮಣಿ. ಅವಳಿಗೂ ಅದೇ ಬೇಕಾಗಿತ್ತು ಎನ್ನುವ ಹಾಗೆ ಪಾತ್ರೆ ತೊಳೆಯಲು ಕೂತಳು.

ಹೊರಗೆ ಅನುವಿನ ದನಿ ಏರಿತು. "ಅವ್ವ ಎಲ್ಲಿ?"

"ಒಳಗವ್ಳೆ, ನೀ ಹತ್ತು ಕಾರ್" ಎಂದ ನಾಗಯ್ಯ.

"ಅವ್ವ ಬಾಗ್ಲಿಗೆ ಬರ್ದೆ ನಾ ಹತ್ತಾಕಿಲ್ಲ ತಾತ. ನೀವು ಬೇಕಾರೆ ಹತ್ತಿ ಹರದನಹಳ್ಳಿಗೆ ಓಗಿ."

ಗಂಡಿನ ಕಡೆಯವರು ಮುಸಿಮುಸಿ ನಕ್ಕರು. ಅನು ನಗಲಿಲ್ಲ, ಸೀರೆ ಎತ್ತಿ ಹಿಡಿದುಕೊಂಡು ಅಂಗಳದ ಮಣ್ಣಿನಲ್ಲೇ ಕೂತುಬಿಟ್ಟಳು. ಸೋಮೇಶನೂ, ಏನು ಮಾಡಬೇಕೋ ತಿಳಿಯದೆ, ಪೇಟ ತೆಗೆದು ಅವಳ ಪಕ್ಕ ಕುಕ್ಕರಗಾಲಲ್ಲಿ ಕೂತ.

ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತು.

ಸುಧಾಮಣಿ ಬಂದಳು. ನಡುಮನೆ ದಾಟುವಷ್ಟರಲ್ಲೇ ಅಂಗುಳು ನವೆಯಾಗತೊಡಗಿತ್ತು. ಎಡಗೈಯ ಬೆರಳು ಮೂಗಿನ ಕೆಳಗೆ ಹೋಯಿತು, ಬಲಗೈ ಎಡಗೈಯ ಹೆಬ್ಬೆರಳ ಬುಡವನ್ನು ಹಿಡಿಯಿತು. ಹಾಗೇ ಬಂದು, ಇಷ್ಟು ವರ್ಷ ನಿಲ್ಲದ ಜಾಗದಲ್ಲಿ ನಿಂತಳು. ಅನು ಎದ್ದು ಬಂದು ಅವ್ವನ ಕಾಲು ಮುಟ್ಟಿದಳು. ತಲೆಯ ಮೇಲೆ ಕೈ ಬೀಳಲೆಂದು ಬಗ್ಗಿಯೇ ಇದ್ದಳು. ಕೈ ಬೀಳಲಿಲ್ಲ. ಬೆರಳು ಒಂದು ಕೂದಲೆಳೆ ಸಡಿಲಾದರೂ ಬರುತ್ತದೆಂದು ಸುಧಾಮಣಿಗೆ ಗೊತ್ತಿತ್ತು. ಕಣ್ಣು ಕೆಂಪಗೆ ಉರಿಯುತ್ತಿತ್ತು, ಗಂಟಲ ನರ ಉಬ್ಬಿತ್ತು, ಉಗುರು ಹೆಬ್ಬೆರಳ ಬುಡದಲ್ಲಿ ನೆಟ್ಟಿತ್ತು.

ಅನು ಎದ್ದು ನಿಂತು ಎರಡೂ ತೋಳು ಚಾಚಿ ಅವ್ವನನ್ನು ತಬ್ಬಿಕೊಂಡಳು. ನಡುವೆ ಅವ್ವನ ಮೊಣಕೈಗಳು ಸಿಕ್ಕಿಕೊಂಡವು. "ಅವ್ವ, ಬುಡವ್ವ ಕೈಯ. ಸೀನುದ್ರೆ ಸೀನ್ಲಿ. ಒಳಕ್ಕೋಗಿ ಕೂತ್ಕಂಡು ನೀರ್ ಕುಡ್ದು ಓಯ್ತೀವಿ, ಅಷ್ಟೇ ತಾನೆ?"

ಸುಧಾಮಣಿ ತಲೆಯಾಡಿಸಿದಳು, ಬೇಡ ಎಂದು. ಮಾತಾಡಲು ಬಾಯಿ ತೆರೆಯುವ ಹಾಗಿರಲಿಲ್ಲ. ಹುಬ್ಬಿನಲ್ಲೇ ಕಾರಿನ ಕಡೆ ತೋರಿಸಿದಳು. ಅನು ಸ್ವಲ್ಪ ಹೊತ್ತು ಆ ಮೊಣಕೈಗಳಿಗೆ ಕೆನ್ನೆ ಒತ್ತಿಕೊಂಡು ನಿಂತಿದ್ದು ಕಾರು ಹತ್ತಿದಳು. ಕಾರಿನ ಕಿಟಕಿಯಿಂದ ತಿರುಗಿ ನೋಡಿದಾಗ, ತುಟಿಯ ಮೇಲೆ ಬೆರಳಿಟ್ಟು ನಿಂತ ಅವ್ವ, ಅಳುವ ಮಗುವಿಗೆ ಶ್ಶ್ ಅನ್ನುತ್ತಿರುವವಳಂತೆ ಕಂಡಳು.

ಕಾರು ತಿರುವು ದಾಟಿತು. ಸೀನು ಬರಲಿಲ್ಲ. ಅರ್ಧದ್ದೂ ಇಲ್ಲ, ಒಂಟಿಯೂ ಇಲ್ಲ. "ಭೇಷ್" ಎಂದ ನಾಗಯ್ಯ, ಕೆಲಸವನ್ನೆಲ್ಲ ತಾನೇ ಮಾಡಿದವನ ಹಾಗೆ. ಜನ ಚದುರಿದರು. ಸುಧಾಮಣಿ ಕೈ ಇಳಿಸಿ, ಹೆಬ್ಬೆರಳ ಬುಡದಲ್ಲಿ ಮೂಡಿದ್ದ ಉಗುರಿನ ಗುರುತನ್ನು ನೋಡುತ್ತ ಹೊಸಲಿನ ಮೇಲೆ ಕೂತಳು.

ಮದುವೆಗೆ ಕರೆಯಿಸಿಕೊಂಡಿದ್ದ ಆಕ್ಯುಪ್ರೆಶರ್ ಶಿಬಿರದ ರವಿಕುಮಾರರು ಫೋನು ಹಿಡಿದು ಓಡಿಬಂದರು. ಕಳಿಸಿಕೊಟ್ಟದ್ದನ್ನೆಲ್ಲ ಅವರು ಶೂಟ್ ಮಾಡಿದ್ದರು. ಮುಂದಿನ ಶಿಬಿರದ ಪ್ರಚಾರಕ್ಕೆ ಇದಕ್ಕಿಂತ ಬೇಕೇ! ಕರವಸ್ತ್ರದಿಂದ ಒಮ್ಮೆ ಮೂಗು ಒರೆಸಿಕೊಂಡು, ಫೋನನ್ನು ಅವಳ ಮುಖದ ಹತ್ತಿರ ತಂದರು.

"ಸುಧಾಮಣಿಯವರೇ, ಇಷ್ಟೊಂದು ಹೂವಿನ ಮಧ್ಯೆ ಒಂದೇ ಒಂದು ಸೀನೂ ಇಲ್ಲ! ನಮ್ಮ ವೀಕ್ಷಕರಿಗೆ ಹೇಳಿ, ಆಕ್ಯುಪ್ರೆಶರ್‌ನಿಂದ ಇವತ್ತು ನಿಮಗೆ ಎಷ್ಟು ಪರ್ಸೆಂಟ್ ಪ್ರಯೋಜನ ಆಯ್ತು? ಎಂಬತ್ತಾ? ತೊಂಬತ್ತಾ?"

ಸುಧಾಮಣಿ ಫೋನಿನ ಕಡೆ ನೋಡಲಿಲ್ಲ.

"ಪರ್ಸೆಂಟು ನಂಗೊತ್ತಿಲ್ಲ ಕಣಪ್ಪ. ಸೀನು ಬರ್ನಿಲ್ಲ. ಮಗಳ್ನ ತಬ್ಬಕೆ ಕೈಯೂ ಇರ್ನಿಲ್ಲ."